ಒಂದು ಹೊಳೆ, ಹಲವು ಊರು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸುಮಾರು 300 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಒಂದಾಗುತ್ತಾಳೆ. ಬಸವಣ್ಣನವರು ಬಾಲ್ಯದಲ್ಲಿ ವಿದ್ಯೆ ಕಲಿತು, ಕೊನೆಗೆ ಲಿಂಗೈಕ್ಯರಾದ ಈ ತಾಣ ನಮ್ಮೆಲ್ಲರ ಪಾಲಿಗೆ ಪರಮ ಪವಿತ್ರವಾದುದು. ನಾಡಿನ ಮೂಲೆಮೂಲೆಗಳಿಂದ ಭಕ್ತರು ಇಲ್ಲಿಗೆ ಬರುತ್ತಾರೆ. ಸಂಗಮನಾಥನ ದರ್ಶನ ಪಡೆದು, ನೀರಿನ ನಡುವೆ ಬಾವಿಯಂತೆ ಕಟ್ಟಿದ ಗೋಡೆಯೊಳಗಿನ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಶರಣೆಂದು, ಪ್ರಸಾದ ಸ್ವೀಕರಿಸಿ, ಅನೇಕರು ಅಂದೇ ಸಂಜೆ ಊರಿಗೆ ಮರಳುತ್ತಾರೆ. ಯಾತ್ರೆ ಅಲ್ಲಿಗೆ ಮುಗಿಯಿತೆಂದು ಭಾವಿಸುತ್ತಾರೆ.

ಆದರೆ ಈ ಹೊಳೆಯ ಬಯಲಿನಲ್ಲಿ ನಾವು ನೋಡದೆ ಬಿಟ್ಟುಬಂದುದು ಎಷ್ಟೆಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಬಾದಾಮಿಯ ಗುಹಾಲಯಗಳಿಂದ ಸುಮಾರು 22 ಕಿ.ಮೀ. ದೂರದಲ್ಲಿ ಪಟ್ಟದಕಲ್ಲು ಇದೆ. ಉತ್ತರ ಹಾಗೂ ದಕ್ಷಿಣದ ಶಿಖರ ಶೈಲಿಗಳು ಒಂದೇ ಅಂಗಳದಲ್ಲಿ ಸಹಬಾಳ್ವೆ ನಡೆಸಿರುವ ಈ ದೇವಾಲಯ ಸಮೂಹ 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮುಂದೆ ಸ್ವಲ್ಪ ದೂರದಲ್ಲಿಯೇ ಐಹೊಳೆ. ಅಲ್ಲಿನ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಇತ್ತ ಗುಳೇದಗುಡ್ಡದ ಖಣ, ಅತ್ತ ಇಳಕಲ್ಲಿನ ಸೀರೆ, ನಡುವೆ ಅಮೀನಗಡದ ಕರದಂಟು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಟ್ಟು ರಾತ್ರಿಯಿಡೀ ಆಟವಾಡುವ ನಾಟಕ ಕಂಪನಿಗಳು. ಇವೆಲ್ಲವೂ ಒಂದೇ ಬಾಗಲಕೋಟೆ ಜಿಲ್ಲೆಯ ಸಂಪತ್ತು. ಆದರೂ ಒಂದೊಂದು ಊರೂ ತನ್ನ ಹಿರಿಮೆಯನ್ನು ತಾನೊಂದೇ ಹೇಳಿಕೊಳ್ಳುತ್ತ ನಿಂತಿದೆ.

ಇದರಿಂದ ನಷ್ಟವಾಗುತ್ತಿರುವುದು ಯಾರಿಗೆ? ಮೊದಲ ಪೆಟ್ಟು ಬೀಳುತ್ತಿರುವುದು ನೇಕಾರನಿಗೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಸೀರೆಯ ಒಡಲಿನ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಕೈಯಿಂದಲೇ ಕೊಂಡಿ ಹಾಕಿ ಜೋಡಿಸುತ್ತಾರೆ. ಟೋಪ್ ತೆನಿ ಸೆರಗು ಮೂಡುವುದು ಹಾಗೆ. ಒಡಲು ಒಡಲಾಗಿಯೇ ಉಳಿಯುತ್ತದೆ, ಸೆರಗು ಸೆರಗಾಗಿಯೇ ಉಳಿಯುತ್ತದೆ. ಎರಡೂ ಕೂಡಿದಾಗ ಮಾತ್ರ ಅದು ಇಳಕಲ್ಲ ಸೀರೆ. ಪ್ರತಿಯೊಂದು ಸೀರೆಗೂ ಈ ಜೋಡಣೆಯನ್ನು ಹೊಸದಾಗಿ ಮಾಡಬೇಕು. ಇದರ ಹಿಂದಿನ ಪೂರ್ವಸಿದ್ಧತೆಯಲ್ಲಿ ಮನೆಯ ಹೆಣ್ಣುಮಕ್ಕಳ ಶ್ರಮವೂ ಬೆರೆತಿದೆ. ಯಂತ್ರಮಗ್ಗದ ಅನುಕರಣೆಗಳು ಕಡಿಮೆ ಬೆಲೆಗೆ ಪೇಟೆ ತುಂಬಿರುವಾಗ ಈ ಶ್ರಮದ ಬೆಲೆಯನ್ನು ಅರಿತು ಕೊಡುವ ಗಿರಾಕಿ ದೊರೆಯುವುದು ಕಷ್ಟ. ಅಂಥ ಗಿರಾಕಿ ಸಂಗಮದ ದಾರಿಯಲ್ಲಿಯೇ ಬಂದು ಹೋಗುತ್ತಿದ್ದಾನೆ. ಆದರೆ ಮಗ್ಗದ ಮನೆಯ ದಾರಿಯನ್ನು ಅವನಿಗೆ ತೋರಿಸುವವರಿಲ್ಲ. ಅಪ್ಪನ ಮಗ್ಗದ ಕುಣಿಗೆ ಇಳಿಯಲು ಮಗ ಒಲ್ಲೆನೆಂದರೆ ತಪ್ಪು ಅವನೊಬ್ಬನದೇ ಎನ್ನಲಾದೀತೆ?

ಊರೂರು ಕೂಡಿ ಬಾಳುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ಐಹೊಳೆಯ ಹಳೆಯ ಹೆಸರಿನಿಂದಲೇ ಖ್ಯಾತರಾದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ವ್ಯವಹಾರ ದಕ್ಷಿಣ ಭಾರತದ ಉದ್ದಗಲಕ್ಕೂ, ಕಡಲಾಚೆಯ ಶ್ರೀಲಂಕೆಗೂ ಹಬ್ಬಿತ್ತೆಂದು ಶಾಸನಗಳು ಸಾರುತ್ತವೆ. ಬೇರೆ ಬೇರೆ ಊರುಗಳ ವ್ಯಾಪಾರಿಗಳು ಒಂದೇ ಹೆಸರಿನಡಿ ನಿಂತುದೇ ಅವರ ಬಲವಾಗಿತ್ತು.

ಹೊರನಾಡಿನಲ್ಲಿಯೂ ಇದಕ್ಕೆ ನಿದರ್ಶನವಿದೆ. ಇಂಗ್ಲೆಂಡಿನ ಟೈನ್ ನದಿಯ ಒಂದು ದಡದಲ್ಲಿ ನ್ಯೂಕ್ಯಾಸಲ್, ಇನ್ನೊಂದು ದಡದಲ್ಲಿ ಗೇಟ್ಸ್‌ಹೆಡ್. ಕಲ್ಲಿದ್ದಲು, ಹಡಗು ನಿರ್ಮಾಣದಂತಹ ಹಳೆಯ ಉದ್ಯಮಗಳು ಕುಸಿದ ಮೇಲೆ ಎರಡೂ ಊರುಗಳ ನಗರಾಡಳಿತಗಳು ಕೂಡಿ ನಡೆಯಲು ನಿರ್ಧರಿಸಿದವು. 2000ರಲ್ಲಿ ಎರಡರ ಹೆಸರನ್ನೂ ಜೋಡಿಸಿದ ಒಂದು ಪ್ರಚಾರ ಸಂಸ್ಥೆ ಹುಟ್ಟಿತು. 2001ರಲ್ಲಿ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಸೇತುವೆ ತೆರೆಯಿತು. 2002ರಲ್ಲಿ ಹಳೆಯ ಹಿಟ್ಟಿನ ಗಿರಣಿಯೊಂದು ಕಲಾಕೇಂದ್ರವಾಯಿತು, 2004ರಲ್ಲಿ ಸಂಗೀತ ಭವನ ತಲೆಯೆತ್ತಿತು. 2008ರ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯ ಪಟ್ಟಕ್ಕಾಗಿ ಎರಡೂ ಕೂಡಿ ಸ್ಪರ್ಧಿಸಿದಾಗ ಅದು ಲಿವರ್‌ಪೂಲಿನ ಪಾಲಾಯಿತು. ಆದರೆ ಕೂಡಿ ಕಟ್ಟಿದ್ದು ವ್ಯರ್ಥವಾಗಲಿಲ್ಲ. ಒಂದು ದಡಕ್ಕೆ ಬಂದ ಅತಿಥಿ ಸೇತುವೆ ದಾಟಿ ಇನ್ನೊಂದು ದಡಕ್ಕೂ ಹೋಗುವಂತಾಯಿತು.

ನಮ್ಮಲ್ಲಿಯೂ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಚಾಲುಕ್ಯ ಉತ್ಸವ ಅಂತಹದೇ ಸದುದ್ದೇಶದ ಫಲ. ಆದರೆ ಅದು ಪ್ರತಿವರ್ಷ ನಿಯತವಾಗಿ ನಡೆದುಬರಲಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಪರಂಪರೆಯ ನಗರಗಳ ಅಭಿವೃದ್ಧಿಗೆಂದು ಆಯ್ದ ದೇಶದ 12 ನಗರಗಳಲ್ಲಿ ಬಾದಾಮಿಯೂ ಒಂದಾಗಿತ್ತು. ಆ ಯೋಜನೆ ಒಂದು ನಗರಕ್ಕೆ ಸಂಬಂಧಿಸಿದ್ದು, ಹೊಳೆಯ ಬಯಲಿಗಲ್ಲ. ಹೊಳೆಗಾದರೋ ಊರಿನ ಗಡಿ ತಿಳಿಯದು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿದಳು, ದಡದ ಹಳ್ಳಿಗಳನ್ನೂ ಮುಳುಗಿಸಿದಳು. ಸಂಕಟದಲ್ಲಿ ಒಂದಾಗಿರುವ ಊರುಗಳು ಸಮೃದ್ಧಿಯಲ್ಲಿ ಬೇರೆಯಾಗಿರುವುದು ಸರಿಯೆ?

ಇದಕ್ಕೆ ಕೋಟ್ಯಂತರ ರೂಪಾಯಿಗಳೇ ಬೇಕೆಂದಿಲ್ಲ. ಸಂಗಮದ ಯಾತ್ರಿನಿವಾಸದಲ್ಲಿ ಸುತ್ತಲ ಊರುಗಳ ಪರಿಚಯವಿರುವ ಒಂದು ನಕ್ಷೆ ದೊರೆಯಲಿ. ಬಾದಾಮಿಯಿಂದ ಸಂಗಮದವರೆಗೆ ಊರೂರಿಗೆ ನಿಲ್ಲುತ್ತ ಸಾಗುವ ಬಸ್ಸು ಯಾತ್ರಿಕರ ವೇಳೆಗೆ ಹೊಂದಿಕೊಳ್ಳಲಿ. ಸಂಕ್ರಾಂತಿಯ ಹೊತ್ತಿಗೆ ಸಂಗಮಕ್ಕೆ ಬರುವ ಭಕ್ತರಿಗೆ ಬನಶಂಕರಿಯ ರಂಗಭೂಮಿಯ ವಿಷಯವೂ, ಜಾತ್ರೆಗೆ ಬಂದವರಿಗೆ ಸಂಗಮದ ದಾರಿಯೂ ತಿಳಿಯಲಿ. ನೇಕಾರನ ಮನೆಯಲ್ಲಿ ಮಗ್ಗವನ್ನು ಕಂಡು, ಅವನ ಕೈಯಿಂದಲೇ ಕೊಳ್ಳುವ ಏರ್ಪಾಡಾಗಲಿ. ಪುರಸಭೆಗಳೂ ಪಂಚಾಯತಿಗಳೂ ಮಠಗಳೂ ನೇಕಾರರ ಸಹಕಾರ ಸಂಘಗಳೂ ವರ್ಷಕ್ಕೊಮ್ಮೆ ಒಂದೆಡೆ ಕುಳಿತರೆ ಇಷ್ಟು ಅಸಾಧ್ಯವಲ್ಲ.

ಶರಣರು ಕಾಯಕಕ್ಕೆ ಕೊಟ್ಟ ಗೌರವ ಜಗತ್ತಿಗೇ ಮಾದರಿಯಾದುದು. ಜೇಡರ ದಾಸಿಮಯ್ಯನವರು ನೇಯ್ಗೆಯ ಕಾಯಕದಿಂದಲೇ ಹೆಸರಾದವರು. ಅವರನ್ನು ನೆನೆಯುವ ನಾವು, ಸಂಗಮದ ನೆರೆಯಲ್ಲಿಯೇ ಮಗ್ಗಗಳು ಒಂದೊಂದಾಗಿ ಮೌನವಾಗುವುದನ್ನು ನೋಡಿಯೂ ನೋಡದಂತೆ ಮರಳಿದರೆ ಆ ಯಾತ್ರೆ ಪೂರ್ಣವಾದೀತೆ? ಮುಂದಿನ ಬಾರಿ ಕುಟುಂಬದೊಡನೆ ಸಂಗಮಕ್ಕೆ ಹೋದಾಗ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಳ್ಳೋಣ. ಮಕ್ಕಳಿಗೆ ಪಟ್ಟದಕಲ್ಲಿನ ಶಿಲ್ಪವನ್ನು ತೋರಿಸೋಣ, ಇಳಕಲ್ಲಿನ ಮಗ್ಗದ ಸದ್ದನ್ನು ಕೇಳಿಸೋಣ, ಮನೆಯ ಮಂಗಲಕಾರ್ಯದ ಸೀರೆ ಖಣಗಳನ್ನು ಅಲ್ಲಿಯೇ ಕೊಳ್ಳೋಣ. ಎರಡು ಹೊಳೆಗಳು ಕೂಡುವೆಡೆಗೆ ಕೈಮುಗಿಯುವ ನಮಗೆ ಊರುಗಳನ್ನು ಕೂಡಿಸುವುದೂ ಒಂದು ಸೇವೆಯಾಗಲಿ.