ಸಾವಯವ ಟೊಮೆಟೊಗೆ ಮಂಡಿಯಲ್ಲಿ ಬೆಲೆ ಯಾಕಿಲ್ಲ?

ಮೈಸೂರಿನ ಬಂಡೀಪಾಳ್ಯ ಎಪಿಎಂಸಿ. ಹರಾಜಿಗೆ ಎರಡು ಕ್ರೇಟ್ ಟೊಮೆಟೊ. ಒಂದು ಔಷಧಿ ಹೊಡೆದದ್ದು, ಇನ್ನೊಂದು ಸಗಣಿ-ಗಂಜಲದ ಜೀವಾಮೃತ ಕೊಟ್ಟು ಬೆಳೆದದ್ದು. ಇಲ್ಲಿ ಎರಡಕ್ಕೂ ಒಂದೇ ರೇಟು. ಹುಳ ಕಚ್ಚಿದ ಕಲೆ ಇದ್ದರಂತೂ ಸಾವಯವದ್ದಕ್ಕೆ ಇನ್ನೂ ಕಡಿಮೆ!

ಸರ್ಟಿಫಿಕೇಟ್ ಮಾಡಿಸಬಹುದಲ್ಲ ಅಂತೀರಾ? ರಾಸಾಯನಿಕ ಬಿಟ್ಟ ಮೇಲೆ ರಾಗಿ, ತರಕಾರಿಗೆ 2 ವರ್ಷ, ತೆಂಗು, ಮಾವಿಗೆ 3 ವರ್ಷ ಕಾಯಬೇಕು. ಅಷ್ಟು ದಿನ ಇಳುವರಿ ಕಮ್ಮಿ, ಬೆಲೆ ಮಾಮೂಲಿ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಗೆ ಈ ಕಡೆಗೇ ಬರುತ್ತೆ. ಅದನ್ನು ತಡೆಯಲು ಅರ್ಧ ಎಕರೆ ಇರುವವರು ಬದುವಿಗೆ ಎಷ್ಟು ಜಾಗ ಬಿಟ್ಟಾರು?

5 ಜನ ರೈತರು ಗುಂಪಾದರೆ ರೈತರೇ ಒಬ್ಬರಿಗೊಬ್ಬರು ಖಾತ್ರಿ ಕೊಡುವ, ಕಡಿಮೆ ಖರ್ಚಿನ ಪಿಜಿಎಸ್ ಪ್ರಮಾಣಪತ್ರ ಸಿಗುತ್ತೆ. ಆದರೆ ಕೊಳ್ಳುವವರೂ ಬೇಕಲ್ಲ! ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಸಾವಯವ ಕೃಷಿಕರ ಬಳಗ ಸಹಜ ಸಮೃದ್ಧದ ಮೇಳ ನಡೆದಾಗ ಜನ ಬರ್ತಾರೆ. ಮೇಳ ಮುಗಿದ ಮಾರನೇ ದಿನವೂ ಹೊಲದಲ್ಲಿ ಸೊಪ್ಪು ಕೊಯ್ಲಿಗೆ ಬಂದಿರುತ್ತೆ. ಅದಕ್ಕೇ ವಾರಕ್ಕೊಂದು ಸಲವಾದರೂ ನೇರವಾಗಿ ರೈತರಿಂದಲೇ ಕೊಳ್ಳಿ.