ಚೀಟಿ ಕೌಂಟರ್‌ನಲ್ಲೇ ಗುರುತಿಸಬೇಕಾದ ದಡಾರ

ಬ್ಯಾಡಗಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ಸುತ್ತ ಘಾಟು ಏಳುತ್ತದೆ. ಕೆಮ್ಮು, ಸೋರುವ ಮೂಗು, ಕೆಂಪು ಕಣ್ಣು ಆ ದಿನಗಳಲ್ಲಿ ಯಾರಿಗೂ ಹೊಸದಲ್ಲ. ದಡಾರ ಹೆಚ್ಚುವುದೂ ಅದೇ ಕಾಲದಲ್ಲಿ, ಅದರ ಮೊದಲ ಮೂರ್ನಾಲ್ಕು ದಿನಗಳ ಲಕ್ಷಣಗಳೂ ಅವೇ. ಆದರೆ ಘಾಟಿಗೆ ಮೈ ಸುಡುವುದಿಲ್ಲ. ತೊಟ್ಟು ಬಿಡಿಸುವ ತಾಯಿಯ ಜೊತೆ ಬಂದ ಕೂಸಿಗೆ ಕೆಮ್ಮಿನೊಂದಿಗೆ ಜೋರು ಜ್ವರವಿದ್ದರೆ ಬಾಯಿ ತೆರೆಸಿ ನೋಡಬೇಕು. ದವಡೆ ಹಲ್ಲಿನ ಎದುರಿಗೆ, ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿದ್ದರೆ ಅದು ದಡಾರವೇ ಎನ್ನಬಹುದು. ಆಮೇಲೆ ಕಿವಿಯ ಹಿಂದೆ, ಮುಖದ ಮೇಲೆ ದದ್ದು ಎದ್ದು ಕೆಳಗಿಳಿಯುತ್ತದೆ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಕೈಯಾಡಿಸಿ ನೋಡುವುದೇ ಒಳ್ಳೆಯದು.

ನನ್ನ ಕಳವಳ ಇರುವುದು ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಹಾಲ್ ಬಗ್ಗೆ. ರೋಗಿ ಎದ್ದುಹೋದ ಮೇಲೂ ಸುಮಾರು 2 ಗಂಟೆ ವೈರಾಣು ಗಾಳಿಯಲ್ಲಿ ಉಳಿಯಬಲ್ಲದು. ರಕ್ಷಣೆಯಿಲ್ಲದ 10 ಜನರ ನಡುವೆ ಈ ಮಗು ಕುಳಿತರೆ 9 ಜನರಿಗೆ ಅಂಟಬಹುದು. ದದ್ದು ಏಳುವ 4 ದಿನ ಮೊದಲಿಂದ, ಎದ್ದ 4 ದಿನದ ತನಕ ಸೋಂಕು ಹರಡುತ್ತದೆ. ಹಾವೇರಿಯ ಜಿಲ್ಲಾಸ್ಪತ್ರೆಯಾಗಲಿ, ರಾಣೆಬೆನ್ನೂರಿನ ತಾಲ್ಲೂಕು ಆಸ್ಪತ್ರೆಯಾಗಲಿ, ಚೀಟಿ ಬರೆಯುವವರೇ ಮೊದಲು ಕೇಳಬೇಕು: ‘ಜ್ವರ ಐತೇನ? ಮೈಮ್ಯಾಲೆ ಏನಾರ ಎದ್ದಾವೇನ?’ ಹೌದೆಂದರೆ ಮಗುವಿಗೆ ಮಾಸ್ಕ್ ಹಾಕಿಸಿ, ಕಿಟಕಿ ತೆರೆದ ಬೇರೆ ಕೋಣೆಗೆ ನೇರ ಕಳಿಸಬೇಕು. ಅಲ್ಲಿಗೆ ಹೋಗುವವರು ಲಸಿಕೆಯಾದ ಸಿಬ್ಬಂದಿಯೇ ಆಗಿರಲಿ, ಎನ್-95 ಮಾಸ್ಕ್ ಧರಿಸಿರಲಿ.

ವೈರಾಣುವನ್ನು ಕೊಲ್ಲುವ ಔಷಧವಿಲ್ಲ, ಆದರೆ ಮಗುವನ್ನು ಉಳಿಸುವ ಉಪಾಯವಿದೆ. ವಿಟಮಿನ್ ಎ ಅದರಲ್ಲಿ ಮುಖ್ಯ. ವರ್ಷ ದಾಟಿದವರಿಗೆ 2 ಲಕ್ಷ ಯೂನಿಟ್, 6ರಿಂದ 11 ತಿಂಗಳವರಿಗೆ 1 ಲಕ್ಷ, ಅದಕ್ಕೂ ಚಿಕ್ಕವರಿಗೆ 50 ಸಾವಿರ. ಇಂದೊಮ್ಮೆ, ನಾಳೆ ಮತ್ತೊಮ್ಮೆ. ಕಣ್ಣು ಹೋಗುವುದನ್ನೂ ಸಾವನ್ನೂ ತಡೆಯುವ ಇಷ್ಟು ಅಗ್ಗದ ಮದ್ದು ಮರೆತುಹೋಗಬಾರದು. ಏದುಸಿರು, ಭೇದಿಯಿಂದ ನಿತ್ರಾಣ, ಫಿಟ್ಸ್, ಮಂಪರು ಕಂಡರೆ ಅಡ್ಮಿಟ್ ಮಾಡಲೇಬೇಕು. ಸಾವು ಹೆಚ್ಚಾಗಿ ಬರುವುದು ನ್ಯುಮೋನಿಯಾದಿಂದ.

ದಡಾರ ಕಂಡು ‘ಗೊಬ್ಬರ ಎದ್ದಾವ, ಅಮ್ಮ ಬಂದಾಳ, ದವಾಖಾನಿ ಬ್ಯಾಡ’ ಎನ್ನುವ ಅಜ್ಜಿಯನ್ನು ಗದರಬೇಡಿ. ಬೇವಿನ ಸೊಪ್ಪು ಕಟ್ಟಿ, ಹೊರಗಿನವರನ್ನು ದೂರವಿಡುವ ಆಕೆಯ ಕ್ರಮದಲ್ಲಿ ಅರ್ಥವಿದೆ. ಊಟ, ಎದೆಹಾಲು ನಿಲ್ಲಿಸುವುದೊಂದನ್ನು ಬಿಡಿಸಬೇಕು.

2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕಾ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ 9ರಿಂದ 12 ತಿಂಗಳೊಳಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್. ದುಡಿಯಲು ಊರು ಬಿಟ್ಟ ಕುಟುಂಬಗಳಲ್ಲಿ ಎರಡನೆಯದು ತಪ್ಪುವ ಸಂಭವ ಹೆಚ್ಚು. ಹಾಗಾಗಿ ಬಂದ ಮಗು ಯಾವ ಕಾಯಿಲೆಯದೇ ಇರಲಿ, ತಾಯಿ ಕಾರ್ಡ್ ಬಿಚ್ಚಿ ನೋಡಬೇಕು.

ಜ್ವರ, ದದ್ದು ಎರಡೂ ಇದ್ದರೆ ಪ್ರಯೋಗಾಲಯದ ಫಲಿತಾಂಶಕ್ಕೆ ಕಾಯದೆ ತಿಳಿಸಬೇಕು, ರಕ್ತದ ಮಾದರಿ ಕಳಿಸಬೇಕು. ಸೋಂಕು ತಗಲಿದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಕಾಯಿಲೆ ತಪ್ಪಬಹುದು. ಅದಕ್ಕೇ ಆ ಹಾಲ್‌ನಲ್ಲಿ ಯಾರ‍್ಯಾರು ಕುಳಿತಿದ್ದರು ಎಂಬ ಪಟ್ಟಿ ಅದೇ ದಿನ ತಾಲ್ಲೂಕು ಆರೋಗ್ಯಾಧಿಕಾರಿಗೆ ಮುಟ್ಟಬೇಕು, ಭಾನುವಾರವಾದರೂ ಸರಿ.