ಮಾತ್ರೆಗೂ ಪಥ್ಯವುಂಟು

ನಾಟಿ ವೈದ್ಯರ ಬಳಿ ಔಷಧ ಪಡೆದವರು ಹೊರಡುವ ಮುನ್ನ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ‘ಪಥ್ಯವೇನು?’ ಬದನೆ ಬೇಡ, ಹುಳಿ ಬೇಡ ಎಂದು ವೈದ್ಯರು ಹೇಳಿದರೆ ಮನೆಯವರೆಲ್ಲ ಸೇರಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಅದೇ ಜನ ಆಸ್ಪತ್ರೆಯಿಂದ ಮಾತ್ರೆ ತಂದಾಗ ಈ ಪ್ರಶ್ನೆಯನ್ನು ಮರೆಯುತ್ತಾರೆ. ಇಂಗ್ಲಿಷ್ ಔಷಧಕ್ಕೆ ಪಥ್ಯವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಆ ನಂಬಿಕೆ ಸರಿಯಲ್ಲ.

ಗ್ರೀಕರ ಭಾಷೆಯಲ್ಲಿ ಔಷಧಕ್ಕೂ ವಿಷಕ್ಕೂ ‘ಫಾರ್ಮಕಾನ್’ ಎಂಬ ಒಂದೇ ಪದವಿತ್ತು. ಒಂದೇ ವಸ್ತು ಗುಣ ಕೊಡುವುದೂ ಕೇಡು ಮಾಡುವುದೂ ಬಹುಮಟ್ಟಿಗೆ ಅದರ ಪ್ರಮಾಣವನ್ನು ಅವಲಂಬಿಸಿದೆ. ವೈದ್ಯರು ಅಳೆದು ಬರೆದ ಪ್ರಮಾಣವನ್ನು ನಮ್ಮ ಆಹಾರವು ನಮಗರಿವಿಲ್ಲದೆ ಕುಗ್ಗಿಸಬಲ್ಲದು, ಇಲ್ಲವೇ ಹಿಗ್ಗಿಸಬಲ್ಲದು. ಚೀಟಿಯಲ್ಲಿರುವುದು ಒಂದು ಮಾತ್ರೆಯಾದರೂ ರಕ್ತಕ್ಕೆ ಸೇರುವುದು ಅರ್ಧವೇ ಆಗಬಹುದು, ಎರಡರಷ್ಟೂ ಆಗಬಹುದು.

ಮೊದಲಿಗೆ ಕಾಫಿಯನ್ನೇ ನೋಡೋಣ. ದೋಣಿಗಲ್ಲಿನಿಂದ ಆಲೂರಿನವರೆಗಿನ ನಮ್ಮ ಗುಡ್ಡಗಳಲ್ಲಿ ಬೆಳಗಾಗುವುದೇ ಕಾಫಿಯಿಂದ. ಥೈರಾಯ್ಡ್ ಕೊರತೆಗೆ ಥೈರಾಕ್ಸಿನ್ ಮಾತ್ರೆ ಸೇವಿಸುವ ತಾಯಂದಿರು ಅದನ್ನು ಕಾಫಿಯ ಜೊತೆಗೇ ನುಂಗಿದರೆ ಔಷಧವು ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಇಟಲಿಯ ವೈದ್ಯರು 2008ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ ಕುಡಿಯುವುದು ಸರಿಯಾದ ಕ್ರಮ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಥೈರಾಕ್ಸಿನ್‌ನಿಂದ 4 ಗಂಟೆ ದೂರವಿರಬೇಕು.

ಕಬ್ಬಿಣದ ಮಾತ್ರೆಯ ವಿಷಯ ಇನ್ನೂ ಗಂಭೀರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯರಿಗೆ ಸರ್ಕಾರವು ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣಾಂಶದ ಮಾತ್ರೆಯನ್ನು 180 ದಿನಗಳವರೆಗೆ ಉಚಿತವಾಗಿ ಕೊಡುತ್ತದೆ. ಆದರೆ 1983ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ, ಊಟದೊಡನೆ ಒಂದು ಲೋಟ ಕಾಫಿ ಕುಡಿದಾಗ ಆಹಾರದ ಕಬ್ಬಿಣಾಂಶದ ಹೀರಿಕೆ ಶೇ. 39ರಷ್ಟು, ಚಹಾ ಕುಡಿದಾಗ ಶೇ. 64ರಷ್ಟು ಕುಸಿಯಿತು. ಊಟವಾಗಿ ಒಂದು ಗಂಟೆಯ ಬಳಿಕ ಕುಡಿದ ಕಾಫಿಯೂ ಅಷ್ಟೇ ಅಡ್ಡಿ ಮಾಡಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದದ್ದು ಅಡ್ಡಿ ಮಾಡಲಿಲ್ಲ. ತೋಟದಲ್ಲಿ ದಿನವಿಡೀ ದುಡಿದು ಬಂದು ಕಬ್ಬಿಣದ ಮಾತ್ರೆಯನ್ನು ಚಹಾದೊಡನೆ ನುಂಗುವ ಸಹೋದರಿ ‘ಮಾತ್ರೆಯಿಂದ ಏನೂ ಗುಣವಿಲ್ಲ’ ಎಂದರೆ ತಪ್ಪು ಮಾತ್ರೆಯದಲ್ಲ. ನೀರಿನೊಡನೆ, ಸಾಧ್ಯವಾದರೆ ನಿಂಬೆಹಣ್ಣಿನ ಪಾನಕದೊಡನೆ ಸೇವಿಸಿದರೆ ಹೀರಿಕೆ ಹೆಚ್ಚುತ್ತದೆ.

ಹಾಲು–ಮೊಸರಿನ ಕ್ಯಾಲ್ಸಿಯಂ ಕೆಲವು ಜೀವಿರೋಧಕಗಳನ್ನು ಹೀಗೆಯೇ ಕಟ್ಟಿಹಾಕುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯನ್ನು ಹಾಲಿನೊಡನೆ ನುಂಗಿದರೆ ಔಷಧದ ಸುಮಾರು ಮೂರರಲ್ಲೊಂದು ಪಾಲು ವ್ಯರ್ಥವಾಗುತ್ತದೆ. ‘ಹೊಟ್ಟೆಗೆ ತಂಪು’ ಎಂದು ಮಗುವಿಗೆ ಮಾತ್ರೆಯ ಜೊತೆ ಹಾಲು ಕೊಡುವ ಮೊದಲು ವೈದ್ಯರನ್ನು ಕೇಳುವುದು ಲೇಸು.

ಇದಕ್ಕೆ ವಿರುದ್ಧವಾಗಿ ಔಷಧದ ಬಲವನ್ನು ಹೆಚ್ಚಿಸುವ ಆಹಾರಗಳೂ ಇವೆ. ನಮ್ಮ ಸಿಲ್ವರ್ ಮರಗಳಿಗೆ ಹಬ್ಬಿರುವ ಕಾಳುಮೆಣಸು ಅವುಗಳಲ್ಲೊಂದು. ಅದರ ಖಾರಕ್ಕೆ ಕಾರಣವಾದ ಪೈಪರಿನ್ ಎಂಬ ಅಂಶವು ಔಷಧಗಳನ್ನು ರಕ್ತಕ್ಕೆ ಹೆಚ್ಚಾಗಿ ಸೇರಿಸುತ್ತದೆ. ಜಮ್ಮುವಿನ ಸರ್ಕಾರಿ ಸಂಶೋಧನಾಲಯದ ವಿಜ್ಞಾನಿಗಳು ಈ ಗುಣವನ್ನೇ ಬಳಸಿಕೊಂಡರು. ಕ್ಷಯರೋಗದ ರಿಫಾಂಪಿಸಿನ್ ಔಷಧಕ್ಕೆ ಪೈಪರಿನ್ ಸೇರಿಸಿ, 450 ಮಿಲಿಗ್ರಾಂ ಬದಲಿಗೆ 200 ಮಿಲಿಗ್ರಾಂ ಸಾಕಾಗುವ ಸಂಯೋಜನೆಯನ್ನು ರೂಪಿಸಿದರು. 2009ರಲ್ಲಿ ಅದು ಭಾರತದ ಮಾರುಕಟ್ಟೆಗೆ ಬಂತು. ವೈದ್ಯರ ಕೈಯಲ್ಲಿ ವರವಾದ ಈ ಗುಣ, ಅರಿಯದವರ ಕೈಯಲ್ಲಿ ಅಪಾಯವಾಗಬಹುದು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಇವುಗಳ ಮಟ್ಟವೂ ಪೈಪರಿನ್‌ನಿಂದ ಏರುತ್ತದೆ. ದಿನನಿತ್ಯ ಒಂದೇ ಹದದಲ್ಲಿ ಸಾರಿಗೆ ಮೆಣಸು ಹಾಕುವವರು ಹೆದರಬೇಕಾಗಿಲ್ಲ. ವೈದ್ಯರು ಮಾತ್ರೆಯ ಪ್ರಮಾಣ ಗೊತ್ತುಮಾಡುವಾಗಲೂ ಅವರ ಊಟ ಅದೇ ಆಗಿರುತ್ತದೆ. ಆದರೆ ಜಾಹೀರಾತು ನೋಡಿ ಅರಿಶಿನ–ಮೆಣಸಿನ ಸತ್ವದ ಕ್ಯಾಪ್ಸೂಲುಗಳನ್ನು ಒಮ್ಮೆಲೇ ಆರಂಭಿಸುವವರು ಎಚ್ಚರ ವಹಿಸಬೇಕು.

ಹಿತ್ತಿಲಿನ ಚಕ್ಕೋತವೂ ಈ ಗುಂಪಿಗೆ ಸೇರಿದ್ದು. ಕೆನಡಾದಲ್ಲಿ ಡೇವಿಡ್ ಬೇಲಿ ಎಂಬ ಸಂಶೋಧಕರು ರಕ್ತದೊತ್ತಡದ ಫೆಲೋಡಿಪಿನ್ ಮಾತ್ರೆಯ ಮೇಲೆ ಮದ್ಯದ ಪರಿಣಾಮವನ್ನು ಅಳೆಯಲು ಹೊರಟು, ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ಹಣ್ಣಿನ ರಸವನ್ನು ಬೆರೆಸಿದರು. ಔಷಧದ ಮಟ್ಟ ಅನಿರೀಕ್ಷಿತವಾಗಿ ಏರಿತು. ಕಾರಣ ಮದ್ಯವಲ್ಲ, ಹಣ್ಣಿನ ರಸ ಎಂದು 1991ರಲ್ಲಿ ಪ್ರಕಟವಾಯಿತು. ಔಷಧವನ್ನು ಕರುಳಿನಲ್ಲಿಯೇ ಒಡೆಯುವ ಕಿಣ್ವವನ್ನು ಆ ರಸ ಕೆಡಿಸುತ್ತದೆ. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಗಳ ಮಿಲನದಿಂದ. ಅದರಲ್ಲಿರುವ ಬಗೆಯ ಅಂಶಗಳು ಚಕ್ಕೋತದಲ್ಲಿಯೂ ಉಂಟು. ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ಹಾಗೂ ಅಟೋರ್ವಾಸ್ಟಾಟಿನ್, ಮೂತ್ರಪಿಂಡ ಕಸಿಯಾದವರ ಸೈಕ್ಲೋಸ್ಪೋರಿನ್ ಸೇವಿಸುವವರು ಚಕ್ಕೋತ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು. ಗ್ರೇಪ್‌ಫ್ರೂಟಿನ ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯುವುದರಿಂದ, ಮಾತ್ರೆ ಬೆಳಿಗ್ಗೆ, ಹಣ್ಣು ಸಂಜೆ ಎಂಬ ಉಪಾಯ ಇಲ್ಲಿ ಸಾಲದು.

ಹೃದಯದ ಕವಾಟ ಬದಲಿಸಿಕೊಂಡವರ ವಿಷಯದಲ್ಲಿ ಪಥ್ಯವೆಂದರೆ ಬಿಡುವುದಲ್ಲ, ಹದ ತಪ್ಪದಿರುವುದು. ರಕ್ತ ಹೆಪ್ಪುಗಟ್ಟದಂತೆ ಅವರು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಸೇವಿಸುತ್ತಾರೆ. ಸೊಪ್ಪುಗಳಲ್ಲಿರುವ ಕೆ ಜೀವಸತ್ವವು ಈ ಔಷಧದ ವಿರುದ್ಧ ಕೆಲಸ ಮಾಡುತ್ತದೆ. ಮಳೆಗಾಲ ಬಂತೆಂದು ವಾರವಿಡೀ ಕೆಸುವಿನ ಎಲೆಯ ಪತ್ರೊಡೆ, ನುಗ್ಗೆಸೊಪ್ಪು ತಿಂದರೆ ಔಷಧದ ಬಲ ಕುಗ್ಗಿ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೆದರಿ ಸೊಪ್ಪನ್ನು ಪೂರ್ತಿ ಬಿಟ್ಟರೆ ರಕ್ತಸ್ರಾವದ ಭಯ. ಪ್ರತಿವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸೊಪ್ಪು ತಿಂದು, ರಕ್ತಪರೀಕ್ಷೆಯನ್ನು ತಪ್ಪಿಸದಿರುವುದೇ ಕ್ಷೇಮ.

ಬಲಿಪೂಜೆಗೆ ಬರುವ ಹಿರಿಯರಿಗೆ ಒಂದು ಮಾತು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರೂ ಔಷಧವೂ ಮುರಿಯುವುದಿಲ್ಲವೆಂದು ಧರ್ಮಸಭೆಯ ಕಾನೂನಿನ 919ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ವೃದ್ಧರು, ರೋಗಿಗಳು ಹಾಗೂ ಅವರ ಆರೈಕೆ ಮಾಡುವವರು ಆ ಗಂಟೆಯೊಳಗೆ ಆಹಾರ ಸೇವಿಸಿದ್ದರೂ ಪ್ರಸಾದ ಸ್ವೀಕರಿಸಬಹುದು. ಮಧುಮೇಹದ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಕುಳಿತು ತಲೆಸುತ್ತು ತಂದುಕೊಳ್ಳುವುದು ಭಕ್ತಿಯ ಲಕ್ಷಣವಲ್ಲ.

ಇಷ್ಟೆಲ್ಲ ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ವೈದ್ಯರಿಗೆ ರೋಗ ಗೊತ್ತು, ಔಷಧ ಗೊತ್ತು; ನಮ್ಮ ಅಡುಗೆಮನೆ ಗೊತ್ತಿಲ್ಲ. ಅದನ್ನು ತಿಳಿಸುವ ಹೊಣೆ ನಮ್ಮದು. ಸೇವಿಸುವ ಮಾತ್ರೆಗಳ ಜೊತೆಗೆ ಮನೆಯ ಕಷಾಯ, ಹಾಗಲಕಾಯಿ ರಸ, ಅಂಗಡಿಯ ಟಾನಿಕ್ಕು, ಕುಡಿತವಿದ್ದರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ವೈದ್ಯರ ಮುಂದಿಡೋಣ. ಸಂತ ಥಾಮಸ್ ಅಕ್ವಿನಾಸರು ಪ್ರಧಾನ ಸದ್ಗುಣಗಳಲ್ಲಿ ವಿವೇಕಕ್ಕೆ ಮೊದಲ ಸ್ಥಾನ ಕೊಟ್ಟರು. ಆಸ್ಪತ್ರೆಯ ಬಾಗಿಲು ದಾಟುವ ಮುನ್ನ ‘ಪಥ್ಯವೇನು?’ ಎಂದು ಕೇಳುವುದೂ ವಿವೇಕವೇ.